ಮದುವೆ ಯಾವಾಗ ಅಂತ ಕೇಳಿದ್ರಲ್ಲ, ಅದಕ್ಕೆ ಈ ಪತ್ರ

ಪುಟ್ಟಿ,

ನಿನ್ನೆ ಫೋನಲ್ಲಿ ನೀನು ಇಂಟರ್‌ವ್ಯೂ ವಿಷ್ಯ ಹೇಳಿದ್ಮೇಲೆ ನಂಗೆ ನಿದ್ದೇನೇ ಬರ್ಲಿಲ್ಲ ಕಣೇ. ಮುಕ್ಕಾಲು ಗಂಟೆ ಕೆಲಸದ ಬಗ್ಗೆ ಕೇಳಿ, ಎಲ್ಲಾದಕ್ಕೂ ನೀನು ಸರಿಯಾಗಿ ಉತ್ತರ ಕೊಟ್ಟು, ಎದ್ದು ಬರೋ ಹೊತ್ತಲ್ಲಿ "ಮದುವೆ ಪ್ಲಾನ್ ಏನಮ್ಮಾ, ಆಮೇಲೆ ಬಿಟ್ಟು ಹೋಗಲ್ಲ ತಾನೇ" ಅಂದ್ರು, ನೀನು "ಸದ್ಯಕ್ಕಿಲ್ಲ ಸರ್" ಅಂತ ನಕ್ಕು ಬಂದೆ, ಈಗ ಯಾಕಾದ್ರೂ ನಕ್ಕೆನೋ ಅಂತ ನಿನ್ ಮೇಲೆ ನಿಂಗೇ ಸಿಟ್ಟು. ಸಿಟ್ಟು ಮಾಡ್ಕೋಬೇಡ. ಆ ಪ್ರಶ್ನೆಗೆ ನನಗಿಂತ ಜಾಸ್ತಿ ವಯಸ್ಸಾಗಿದೆ, ಅದನ್ನ ಕೋರ್ಟಿಗೆ ಎಳ್ಕೊಂಡು ಹೋದ ಹೆಂಗಸ್ರೂ ಇದಾರೆ, ಅವರ ವಿಷ್ಯ ನಿಂಗೆ ಗೊತ್ತಿರ್ಲಿ ಅಂತ ಬರೀತಿದೀನಿ.

ಸಿ. ಬಿ. ಮುತ್ತಮ್ಮ ಅಂತ, ಕೊಡಗಿನ ವಿರಾಜಪೇಟೆಯವರು. 1948ರಲ್ಲಿ ಯುಪಿಎಸ್‌ಸಿ ಪರೀಕ್ಷೆ ಪಾಸು ಮಾಡಿದ ಮೊದಲ ಹೆಣ್ಮಗಳು, ಮಾರನೇ ವರ್ಷ ವಿದೇಶಾಂಗ ಸೇವೆ ಸೇರಿದ್ರು. ಸೇರೋವಾಗ ಅವರ ಹತ್ರ ಮುಚ್ಚಳಿಕೆ ಬರೆಸ್ಕೊಂಡ್ರು, ಮದುವೆ ಆದ್ರೆ ರಾಜೀನಾಮೆ ಕೊಡ್ತೀನಿ ಅಂತ. ಜೊತೆಲಿ ಸೇರಿದ ಗಂಡಸ್ರು ಯಾರೂ ಇಂಥದ್ದು ಬರೆದು ಕೊಡ್ಬೇಕಾಗಿರ್ಲಿಲ್ಲ. ಸರಿ, ಆಗಿನ್ನೂ ಸಂವಿಧಾನ ಬಂದಿರ್ಲಿಲ್ಲ ಅನ್ನೋಣ. 1950ರ ಜನವರಿ 26ಕ್ಕೆ ಅದೂ ಬಂತು, 14ನೇ ವಿಧಿ ಕಾನೂನಿನ ಮುಂದೆ ಎಲ್ರೂ ಸಮಾನ ಅಂತು, 15 ಲಿಂಗದ ಆಧಾರದ ಮೇಲೆ ಭೇದ ಮಾಡೋ ಹಾಗಿಲ್ಲ ಅಂತು, 16 ಸರ್ಕಾರಿ ಕೆಲಸದಲ್ಲಿ ಸಮಾನ ಅವಕಾಶ ಅಂತು. ಇಷ್ಟೆಲ್ಲಾ ಬರೆದಿಟ್ಟು ಹನ್ನೊಂದು ವರ್ಷ ಕಳೆದ್ಮೇಲೆ, 1961ರಲ್ಲಿ, ಅದೇ ವಿದೇಶಾಂಗ ಸೇವೆಗೆ ಹೊಸದಾಗಿ ರೂಲ್ಸ್ ಮಾಡಿದ್ರು ನೋಡು, ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಪರ್ಮಿಷನ್ ತಗೋಬೇಕು, ಮದುವೆ ಆದ್ಮೇಲೆ ಸಂಸಾರದಿಂದ ಕೆಲಸಕ್ಕೆ ತೊಂದ್ರೆ ಆಗ್ಬಹುದು ಅಂತ ಸರ್ಕಾರಕ್ಕೆ ಅನ್ಸಿದ್ರೆ ಅವಳ ಹತ್ರ ರಾಜೀನಾಮೆ ಕೇಳ್ಬಹುದು. ತೊಂದ್ರೆ ಆಗಿರ್ಬೇಕು ಅಂತಲೂ ಇಲ್ಲ, ಆಗ್ಬಹುದು ಅನ್ಸಿದ್ರೆ ಸಾಕು. ಗಂಡಸ್ರಿಗೂ ಸಂಸಾರ ಇರುತ್ತೆ ಅನ್ನೋದು ಬರೆದವರಿಗೆ ಹೊಳೀಲೇ ಇಲ್ವಾ ಅಂತ ನಂಗೆ ಈಗ್ಲೂ ಅರ್ಥ ಆಗಲ್ಲ.

ಮುತ್ತಮ್ಮ 1970ರಲ್ಲಿ ಹಂಗೇರಿಗೆ ರಾಯಭಾರಿ ಆದ್ರು, ಆದ್ರೂ ಮುಂದಿನ ಗ್ರೇಡಿಗೆ ಪ್ರಮೋಷನ್ ಬಂದಾಗ ಅರ್ಹತೆ ಸಾಲದು ಅಂತ ಕೈ ಬಿಟ್ರು. ಅವರು ಸುಮ್ನಿರ್ಲಿಲ್ಲ, ಸೇವೇಲಿ ಇದ್ಕೊಂಡೇ ತಮ್ಮ ಸರ್ಕಾರದ ಮೇಲೇ ಸುಪ್ರೀಂ ಕೋರ್ಟಿಗೆ ಹೋದ್ರು. ಕೇಸ್ ನಡೀತಿದ್ದಾಗ ಸರ್ಕಾರ ಪ್ರಮೋಷನ್ ಕೊಟ್ಬಿಡ್ತು, ಹಾಗಾಗಿ 1979ರಲ್ಲಿ ಅರ್ಜಿ ವಜಾ ಆಯ್ತು. ಆದ್ರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅಷ್ಟಕ್ಕೇ ಬಿಡ್ಲಿಲ್ಲ, ಮದುವೆ ಆದ ಗಂಡಸಿಗೆ ಹಕ್ಕಿದ್ರೆ ಮದುವೆ ಆದ ಹೆಂಗಸಿಗೂ ಇದೆ ಅನ್ನೋ ಅರ್ಥದಲ್ಲಿ ಬರೆದು, ಸೇವಾ ನಿಯಮಗಳನ್ನೆಲ್ಲಾ ತೆಗೆದು ನೋಡಿ ಈ ಭೇದದ ಕಲೆ ತೊಳೀರಿ ಅಂತ ಹೇಳಿದ್ರು. ಅರ್ಜಿ ವಜಾ ಆದ ತೀರ್ಪನ್ನ ಇವತ್ತಿಗೂ ಜನ ಗೆಲುವು ಅಂತ ಓದ್ತಾರೆ, ನಾನೂ ಹಾಗೇ ಓದಿದೀನಿ.

ಅಲ್ಲಿಗೆ ಎಲ್ಲಾ ಸರಿ ಹೋಯ್ತು ಅನ್ಕೋಬೇಡ. ಎರಡೇ ವರ್ಷಕ್ಕೆ, 1981ರಲ್ಲಿ, ಏರ್ ಇಂಡಿಯಾ ಗಗನಸಖಿಯರ ಕೇಸ್ ಬಂತು. ಸೇರಿ ನಾಲ್ಕು ವರ್ಷದೊಳಗೆ ಮದುವೆ ಆದ್ರೆ ಕೆಲಸ ಹೋಯ್ತು, ಮೊದಲ ಸಲ ಬಸುರಾದ್ರೆ ಹೋಯ್ತು, ಅದ್ಯಾವುದೂ ಆಗ್ದಿದ್ರೆ 35ಕ್ಕೆ ರಿಟೈರ್. ಬಸುರಿನ ರೂಲನ್ನ ಸುಪ್ರೀಂ ಕೋರ್ಟ್ ಭಾರತೀಯ ಹೆಣ್ತನಕ್ಕೇ ಅವಮಾನ ಅಂತ ಕಿತ್ತು ಹಾಕ್ತು, ಆದ್ರೆ ನಾಲ್ಕು ವರ್ಷ ಮದುವೆ ಆಗೋ ಹಾಗಿಲ್ಲ ಅನ್ನೋದನ್ನ ಸರಿ ಅಂತ ಉಳಿಸ್ತು! ಹುಡುಗಿ ಆರೋಗ್ಯಕ್ಕೂ ಒಳ್ಳೇದು, ಕುಟುಂಬ ಯೋಜನೆಗೂ ಒಳ್ಳೇದು ಅಂತ ಕಾರಣ. ನಮ್ಮ ಒಳ್ಳೇದಕ್ಕೇ ಅಂತ ಹೇಳ್ಕೊಂಡೇ ಇದು ಯಾವಾಗ್ಲೂ ಬರೋದು ಪುಟ್ಟಿ, ನಿನ್ನನ್ನ ಕೇಳಿದವರೂ ಕಾಳಜಿ ದನೀಲೇ ಕೇಳಿರ್ತಾರೆ. 2007ರಲ್ಲಿ ಅನುಜ್ ಗರ್ಗ್ ಕೇಸಲ್ಲಿ, ಮದ್ಯ ಮಾರೋ ಜಾಗದಲ್ಲಿ ಹೆಂಗಸ್ರು ಕೆಲಸ ಮಾಡೋ ಹಾಗಿಲ್ಲ ಅನ್ನೋ 1914ರ ಪಂಜಾಬ್ ಕಾಯ್ದೆ ರೂಲನ್ನ ಕೋರ್ಟ್ ರದ್ದು ಮಾಡ್ತು, ರಕ್ಷಣೆ ಹೆಸರಲ್ಲಿ ಸ್ವಾತಂತ್ರ್ಯ ಕಸಿಯೋ ಹಾಗಿಲ್ಲ ಅಂತ.

ಸೇನೆಯ ನರ್ಸಿಂಗ್ ಸೇವೇಲಿದ್ದ ಒಬ್ಬ ಮಹಿಳಾ ಅಧಿಕಾರಿ ಮದುವೆ ಆದ್ರು ಅನ್ನೋ ಕಾರಣಕ್ಕೆ 1988ರಲ್ಲಿ ಅವರನ್ನ ಕೆಲಸದಿಂದ ತೆಗೆದು ಹಾಕಿದ್ರು. ಸುಪ್ರೀಂ ಕೋರ್ಟ್ ಅದು ತಪ್ಪು, 60 ಲಕ್ಷ ಪರಿಹಾರ ಕೊಡಿ ಅಂದಿದ್ದು 2024ರ ಫೆಬ್ರವರಿಲಿ. ಮೂವತ್ತಾರು ವರ್ಷ ಕಣೇ. ದುಡ್ಡು ಸಿಗ್ಬಹುದು, ಆ ವಯಸ್ಸಲ್ಲಿ ಮಾಡ್ಬೇಕಾಗಿದ್ದ ಕೆಲಸ ಎಲ್ಲಿಂದ ಸಿಗುತ್ತೆ?

ನನ್ನ ವಿಷ್ಯ ನಿಂಗೆ ಪೂರ್ತಿ ಹೇಳಿಲ್ಲ. ಮದುವೆ ಕಾರ್ಡ್ ಕೊಡೋಕೆ ಹೋದಾಗ ನಮ್ಮ ಮ್ಯಾನೇಜರ್ ಕಾರ್ಡ್ ಬಿಚ್ಚೋಕೆ ಮುಂಚೆನೇ "ಹಾಗಾದ್ರೆ ಯಾವತ್ತು ಲಾಸ್ಟ್ ಡೇ" ಅಂದ್ರು. ಬಿಡ್ಬೇಕು ಅಂತ ಯಾವ ರೂಲೂ ಇರ್ಲಿಲ್ಲ, ಆದ್ರೂ ಆ ಸಂಜೆ ರಾಜೀನಾಮೆ ಬರೆದವಳು ನಾನೇ. ಮುತ್ತಮ್ಮನ ತೀರ್ಪು ಬಂದು ಎಷ್ಟೋ ವರ್ಷ ಆಗಿತ್ತು, ನಂಗೆ ಯಾರೂ ಹೇಳಿರ್ಲಿಲ್ಲ.

ಇನ್ನು ನಿನ್ನ ಕಂಪನಿ. 14, 15, 16ನೇ ವಿಧಿಗಳು ಮುಖ್ಯವಾಗಿ ಸರ್ಕಾರವನ್ನ ಕಟ್ಟಿ ಹಾಕೋವು, ಖಾಸಗಿ ಕಂಪನಿ ಮೇಲೆ ಅವನ್ನಿಟ್ಕೊಂಡು ನೇರವಾಗಿ ಹೋಗೋದು ಕಷ್ಟ. ಅದಕ್ಕೆ ಬೇರೆ ಕಾನೂನು ಬೇಕಾಗಿತ್ತು, 1976ರ ಸಮಾನ ವೇತನ ಕಾಯ್ದೆ ಸಂಬಳದಲ್ಲಿ ಅಷ್ಟೇ ಅಲ್ಲ, ಕೆಲಸಕ್ಕೆ ತಗೊಳ್ಳೋವಾಗ್ಲೂ ಹೆಣ್ಣು ಅಂತ ಭೇದ ಮಾಡ್ಬಾರ್ದು ಅಂತ ಹೇಳ್ತು. 1987ರಲ್ಲಿ ಒಂದು ಖಾಸಗಿ ಕಂಪನೀಲಿ ಗಂಡು ಸ್ಟೆನೋಗಳಿಗಿಂತ ಕಡಿಮೆ ಸಂಬಳ ಸಿಗ್ತಿದ್ದ ಮಹಿಳಾ ಸ್ಟೆನೋ ಒಬ್ರು ಸುಪ್ರೀಂ ಕೋರ್ಟಲ್ಲಿ ಗೆದ್ದಿದ್ದು ಇದೇ ಕಾಯ್ದೆ ಹಿಡ್ಕೊಂಡು. ಆ ಮಾತು ಈಗ 2019ರ ವೇತನ ಸಂಹಿತೆ ಒಳಗೆ ಸೇರಿದೆ. ಬರೀ ಪ್ರಶ್ನೆ ಕೇಳಿದ್ದಕ್ಕೇ ಕೇಸ್ ನಿಲ್ಲುತ್ತೆ ಅಂತ ನಾನು ಹೇಳಲ್ಲ, ಆದ್ರೆ ಆ ಉತ್ತರ ನೋಡ್ಕೊಂಡು ನಿನ್ನನ್ನ ಕೆಲಸಕ್ಕೆ ತಗೊಳ್ದೇ ಬಿಟ್ರೆ ಅದು ಬೇರೆ ಮಾತು.

ಎರಡನೇ ರೌಂಡಿಗೆ ಹೋಗೋದು ಬಿಡೋದು ನಿನ್ ಇಷ್ಟ. ಹೋದಾಗ ಮತ್ತೆ ಕೇಳಿದ್ರೆ "ಈ ಪ್ರಶ್ನೆ ಗಂಡು ಕ್ಯಾಂಡಿಡೇಟ್ಸ್‌ಗೂ ಕೇಳ್ತೀರಾ ಸರ್" ಅಂತ ಮೆತ್ತಗೆ ಕೇಳು, ನಗ್ಬೇಡ. ನಿನ್ನೆ ಕೇಳಿದ್ದು ಯಾರು, ಎಷ್ಟು ಹೊತ್ತಿಗೆ, ಪಕ್ಕದಲ್ಲಿ ಯಾರಿದ್ರು, ಎಲ್ಲಾ ಇವತ್ತೇ ಬರೆದಿಟ್ಕೋ, ಮರೆತು ಹೋಗುತ್ತೆ. ಬರೆದಾದ್ಮೇಲೆ ಫೋನ್ ಮಾಡು, ಎದ್ದಿರ್ತೀನಿ.

ನಿನ್ನ ಅಮ್ಮ