ಎರಡನೇ ಕಾರ್ಯಾಚರಣಾ ವ್ಯವಸ್ಥೆಯ ನೆಪದಲ್ಲಿ ಮುಚ್ಚಿಹೋದ ಹಾರ್ಡ್‌ಡಿಸ್ಕ್ ದೋಷ: ಒಂದು ದೂರು

ಇವರಿಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ವಾರಂಟಿ ಅವಧಿಯಲ್ಲಿರುವ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕನ್ನು ಪರೀಕ್ಷಿಸದೆ, ಎರಡನೇ ಕಾರ್ಯಾಚರಣಾ ವ್ಯವಸ್ಥೆಯ ಅಳವಡಿಕೆಯೇ ದೋಷಕ್ಕೆ ಕಾರಣವೆಂದು ಷರಾ ಬರೆದು, ಅದರಲ್ಲಿದ್ದ ಕಡತಗಳನ್ನು ಅಳಿಸಿ ದೂರನ್ನು ಮುಕ್ತಾಯಗೊಳಿಸಿರುವ ಕುರಿತು.

ಮಾನ್ಯರೇ,

ತಮ್ಮ ಸಂಸ್ಥೆ ತಯಾರಿಸಿದ, 1 ಟಿಬಿ ಹಾರ್ಡ್‌ಡಿಸ್ಕ್ ಇರುವ ಲ್ಯಾಪ್‌ಟಾಪನ್ನು ನಾನು ಎಂಟು ತಿಂಗಳಿನಿಂದ ಬಳಸುತ್ತಿದ್ದೇನೆ. ಅದು ವಿಂಡೋಸ್ ಸಮೇತ ಬಂದಿತ್ತು. ನನ್ನ ಅಧ್ಯಯನಕ್ಕೆ ಬೇಕಾದ ಕೆಲವು ತಂತ್ರಾಂಶಗಳು ಲಿನಕ್ಸ್ ಎಂಬ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುವುದರಿಂದ, ವಿಂಡೋಸನ್ನು ಹಾಗೆಯೇ ಉಳಿಸಿಕೊಂಡು ಪಕ್ಕದಲ್ಲಿ 200 ಜಿಬಿ ಜಾಗ ಬಿಡಿಸಿ ಲಿನಕ್ಸನ್ನು ಅಳವಡಿಸಿಕೊಳ್ಳಬೇಕೆಂದು ಕಳೆದ ತಿಂಗಳು ಹೊರಟೆ. ಆ ಕೆಲಸ ಇಂದಿಗೂ ಆಗಿಲ್ಲ. ಆದರೆ ಅದನ್ನು ಮಾಡಲು ಹೋದಾಗ ನನ್ನ ಹಾರ್ಡ್‌ಡಿಸ್ಕಿನಲ್ಲಿ ಮೊದಲೇ ಇದ್ದ ಒಂದು ದೋಷ ಬೆಳಕಿಗೆ ಬಂದಿತು. ತಮ್ಮ ಸರ್ವಿಸ್ ಸೆಂಟರು ಆ ದೋಷವನ್ನು ಸರಿಪಡಿಸುವ ಬದಲು, ಅದಕ್ಕೆ ನಾನೇ ಕಾರಣನೆಂದು ಬರೆದು ಕೈತೊಳೆದುಕೊಂಡಿದೆ. ನಡೆದುದನ್ನು ಕ್ರಮವಾಗಿ ತಮ್ಮ ಮುಂದಿಡುತ್ತಿದ್ದೇನೆ; ಸ್ವಲ್ಪ ದೀರ್ಘವಾದರೂ ಪೂರ್ತಿಯಾಗಿ ಓದಬೇಕೆಂದು ಕೋರುತ್ತೇನೆ.

ಮೊದಲಿಗೆ ಮುಖ್ಯ ಕಡತಗಳನ್ನೆಲ್ಲ ಹೊರಗಿನ ಡ್ರೈವ್ ಒಂದಕ್ಕೆ ಬ್ಯಾಕಪ್ ಮಾಡಿದೆ. ಬಳಿಕ ವಿಂಡೋಸಿನದೇ ಡಿಸ್ಕ್ ಮ್ಯಾನೇಜ್‌ಮೆಂಟ್ ಸೌಲಭ್ಯದ ಮೂಲಕ ಸಿ ಪಾರ್ಟಿಷನ್ನನ್ನು, ಅಂದರೆ ಡಿಸ್ಕಿನಲ್ಲಿ ವಿಂಡೋಸ್ ಇರುವ ಭಾಗವನ್ನು, ಕಿರಿದುಗೊಳಿಸಲು ಪ್ರಯತ್ನಿಸಿದೆ. ಆ ಪಾರ್ಟಿಷನ್ ಕೆಟ್ಟಿರಬಹುದೆಂದೂ ವಿಂಡೋಸಿನ ಡಿಸ್ಕ್ ತಪಾಸಣಾ ಉಪಕರಣವಾದ ಚೆಕ್‌ಡಿಸ್ಕ್ ನಡೆಸಿ ಸರಿಪಡಿಸಿಕೊಂಡು ಮತ್ತೆ ಪ್ರಯತ್ನಿಸಬೇಕೆಂದೂ ಸೂಚನೆ ಬಂದಿತು. ಈ ಸೂಚನೆ ಬರುವ ವೇಳೆಗೆ ಲಿನಕ್ಸಿಗೆ ಸಂಬಂಧಿಸಿದ ಯಾವುದೂ ನನ್ನ ಯಂತ್ರವನ್ನು ಮುಟ್ಟಿರಲಿಲ್ಲ, ಲಿನಕ್ಸ್ ಅಳವಡಿಸಲು ಬೇಕಾದ ಪೆನ್‌ಡ್ರೈವನ್ನು ಸಹ ನಾನಿನ್ನೂ ಸಿದ್ಧಪಡಿಸಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಇಂತಹ ಸೂಚನೆಗೆ ನಿರುಪದ್ರವಿ ಕಾರಣಗಳೂ ಇರುತ್ತವೆ ಎಂಬುದು ನನಗೆ ಗೊತ್ತಿತ್ತು. ವಿದ್ಯುತ್ ಹಠಾತ್ತನೆ ನಿಂತು ಯಂತ್ರ ಆರಿಹೋಗಿದ್ದರೆ ವಿಂಡೋಸ್ ತನ್ನ ಕಡತಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆಯ ಲೆಕ್ಕಪತ್ರ ಅರ್ಧಕ್ಕೇ ನಿಂತಿರಬಹುದು. ವಿಂಡೋಸ್ 8ರಿಂದ ಬಂದಿರುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಚಾಲ್ತಿಯಲ್ಲಿದ್ದರೆ, ಯಂತ್ರವನ್ನು ಆರಿಸಿದಾಗಲೂ ವ್ಯವಸ್ಥೆಯ ತಿರುಳು ಪೂರ್ತಿ ಮುಚ್ಚಿಕೊಳ್ಳದೆ, ಮೆಮೊರಿಯಲ್ಲಿದ್ದುದನ್ನು ಡಿಸ್ಕಿನಲ್ಲಿ ಉಳಿಸಿಡುವ ಹೈಬರ್ನೇಷನ್ ಕಡತದೊಳಗೆ ಉಳಿದುಕೊಳ್ಳುತ್ತದೆ. ಆಗ ಹೊರಗಿನ ಯಾವ ಉಪಕರಣವೂ ಆ ಪಾರ್ಟಿಷನ್ನಿನ ಗಾತ್ರವನ್ನು ಬದಲಿಸಲು ಒಪ್ಪುವುದಿಲ್ಲ, ಒಪ್ಪಲೂಬಾರದು. ಆದ್ದರಿಂದ ಫಾಸ್ಟ್ ಸ್ಟಾರ್ಟಪನ್ನು ನಿಲ್ಲಿಸಿ, ಚೆಕ್‌ಡಿಸ್ಕನ್ನು ದೋಷ ಸರಿಪಡಿಸುವ ಆಯ್ಕೆಯೊಂದಿಗೆ ನಡೆಸಿ, ಯಂತ್ರವನ್ನು ಎರಡು ಬಾರಿ ಪೂರ್ತಿಯಾಗಿ ಮರುಚಾಲನೆ ಮಾಡಿದೆ. ತೊಂದರೆ ಕೇವಲ ಕಡತ ವ್ಯವಸ್ಥೆಯದ್ದಾಗಿದ್ದರೆ ಇಷ್ಟಕ್ಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಕಿರಿದುಗೊಳಿಸುವ ಎರಡನೇ ಪ್ರಯತ್ನವೂ ಅರ್ಧದಲ್ಲಿ ನಿಂತಿತು.

ಆಗ ತಮ್ಮ ಸಹಾಯವಾಣಿಗೆ ಕರೆ ಮಾಡಿದೆ. ಡಿಸ್ಕಿನ ಮೇಲ್ಮೈಯನ್ನೆಲ್ಲ ಓದಿ ನೋಡುವ ಚೆಕ್‌ಡಿಸ್ಕಿನ ಪೂರ್ಣ ಪರೀಕ್ಷೆಯನ್ನು ನಡೆಸಲು ಹೇಳಿದರು. ಅದು ರಾತ್ರಿಯಿಡೀ ನಡೆದು, 24 ಕೆಬಿ ಜಾಗ ಕೆಟ್ಟ ಸೆಕ್ಟರುಗಳಲ್ಲಿ (ಸೆಕ್ಟರೆಂದರೆ ಡಿಸ್ಕಿನ ಜಾಗದ ಅತಿ ಚಿಕ್ಕ ತುಣುಕು) ಇದೆ ಎಂದು ವರದಿ ಕೊಟ್ಟಿತು. ಮರುದಿನ ಇದನ್ನು ತಿಳಿಸಿದಾಗ ಸಿಕ್ಕ ಉತ್ತರ, ಅದೇ ಪರೀಕ್ಷೆಯನ್ನು ಇನ್ನೊಮ್ಮೆ ನಡೆಸಿ ಎಂಬುದು. ಓದಲಾಗದ ಸೆಕ್ಟರುಗಳು ಕಾಣಿಸಿಕೊಂಡಿರುವ ಡಿಸ್ಕನ್ನು ಮತ್ತೆ ಮತ್ತೆ ಆದ್ಯಂತ ಓದಿಸುವುದು ದುರಸ್ತಿಯಲ್ಲ. ದುರ್ಬಲವಾದ ಡಿಸ್ಕಿಗೆ ಅದು ಇನ್ನಷ್ಟು ದಣಿವು. ಆ ಹಂತದಲ್ಲಿ ಗ್ರಾಹಕನಿಗೆ ಹೇಳಬೇಕಾದ ಮೊದಲ ಮಾತು ಬ್ಯಾಕಪ್ ಮಾಡಿಕೊಳ್ಳಿ ಎಂದಿರಬೇಕಿತ್ತು, ಎರಡನೆಯದು ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ದಾಖಲೆ ಏನು ಹೇಳುತ್ತದೆ ಎಂಬ ಪ್ರಶ್ನೆಯಾಗಿರಬೇಕಿತ್ತು. ಎರಡು ಕರೆಗಳಲ್ಲಿ ಎರಡೂ ಬರಲಿಲ್ಲ.

ನಂತರವೇ ನಾನು ಪೆನ್‌ಡ್ರೈವಿನಿಂದ ಲಿನಕ್ಸನ್ನು ಚಾಲನೆ ಮಾಡಿದ್ದು, ಅದೂ ಅಳವಡಿಸದೆ, ಪ್ರಯೋಗದ ವಿಧಾನದಲ್ಲಿ. ಅಲ್ಲಿನ ಪಾರ್ಟಿಷನ್ ಉಪಕರಣವು ಏನನ್ನೂ ಬರೆಯುವ ಮೊದಲು ನಡೆಸುವ ತಪಾಸಣೆಯಲ್ಲೇ, ಈ ಡಿಸ್ಕಿನಲ್ಲಿ ಕೆಟ್ಟ ಸೆಕ್ಟರುಗಳಿವೆ ಎಂದು ತಿಳಿಸಿ ಮುಂದುವರಿಯಲು ನಿರಾಕರಿಸಿತು. ಒತ್ತಾಯದಿಂದ ಮುಂದುವರಿಸುವ ಆಯ್ಕೆ ಅದರಲ್ಲಿ ಉಂಟು, ನಾನದನ್ನು ಬಳಸಲಿಲ್ಲ. ಬದಲಿಗೆ ಅಲ್ಲಿಂದಲೇ ಸ್ಮಾರ್ಟ್ ದಾಖಲೆಯನ್ನು ತೆಗೆದು ನೋಡಿದೆ. 5ನೇ ಅಂಶದಲ್ಲಿ, ಅಂದರೆ ಕೆಟ್ಟವೆಂದು ಬದಲಿ ಜಾಗಕ್ಕೆ ವರ್ಗಾಯಿಸಿದ ಸೆಕ್ಟರುಗಳ ಲೆಕ್ಕದಲ್ಲಿ, 16 ಎಂದಿತ್ತು. 197ನೇ ಅಂಶದಲ್ಲಿ, ಅಂದರೆ ಓದಲಾಗದೆ ತೀರ್ಮಾನಕ್ಕಾಗಿ ಕಾಯುತ್ತಿರುವ ಸೆಕ್ಟರುಗಳ ಲೆಕ್ಕದಲ್ಲಿ, 48 ಎಂದಿತ್ತು. 512 ಬೈಟುಗಳ 48 ಸೆಕ್ಟರುಗಳೆಂದರೆ ಸರಿಯಾಗಿ 24 ಕೆಬಿ. ಚೆಕ್‌ಡಿಸ್ಕ್ ಕೊಟ್ಟ ಲೆಕ್ಕವೂ ಅದೇ. ಕೇಬಲ್ ಅಥವಾ ಜೋಡಣೆಯ ತೊಂದರೆಯನ್ನು ತೋರಿಸುವ 199ನೇ ಅಂಶ ಸೊನ್ನೆಯಲ್ಲಿತ್ತು. ಸುಮಾರು 3 ಗಂಟೆ ಹಿಡಿಯುವ ವಿಸ್ತೃತ ಸ್ವಯಂಪರೀಕ್ಷೆಯು ಓದುವಿಕೆ ವಿಫಲ ಎಂಬ ಫಲಿತಾಂಶದೊಂದಿಗೆ ನಡುವೆಯೇ ನಿಂತಿತು. ಇದು ನನ್ನ ಅಭಿಪ್ರಾಯವಲ್ಲ. ಡಿಸ್ಕು ತನ್ನ ಬಗ್ಗೆ ತಾನೇ ಬರೆದುಕೊಂಡಿರುವ ದಾಖಲೆ.

ಆ ದಾಖಲೆಯಲ್ಲಿ ಇನ್ನೊಂದು ಸಂಗತಿಯಿದೆ, ನನ್ನ ದೂರಿನ ಆಧಾರವೇ ಅದು. ಡಿಸ್ಕು ತನ್ನ ದೋಷಪಟ್ಟಿಯಲ್ಲಿ ಓದುವ ದೋಷವನ್ನು ತಾನು ಒಟ್ಟು ಎಷ್ಟು ಗಂಟೆ ಚಾಲನೆಯಲ್ಲಿದ್ದಾಗ ಅದು ಸಂಭವಿಸಿತು ಎಂಬ ಲೆಕ್ಕದೊಂದಿಗೆ ಬರೆದಿಡುತ್ತದೆ. ನನ್ನ ಡಿಸ್ಕಿನ ದೋಷಪಟ್ಟಿಯ ಮೊದಲ ದಾಖಲೆ 612ನೇ ಗಂಟೆಯದು. ನಾನು ಲಿನಕ್ಸ್ ಪೆನ್‌ಡ್ರೈವಿನಿಂದ ಯಂತ್ರವನ್ನು ಮೊಟ್ಟಮೊದಲು ಚಾಲನೆ ಮಾಡಿ ಈ ಪಟ್ಟಿಯನ್ನು ಓದಿದಾಗ ಡಿಸ್ಕಿನ ಗಂಟೆಗಳ ಲೆಕ್ಕ 1,140 ಇತ್ತು. ಎರಡರ ನಡುವೆ 528 ಗಂಟೆಗಳ ಅಂತರವಿದೆ. ಇನ್ನೂ ಮನೆಯೊಳಗೆ ಕಾಲಿಡದ ಅತಿಥಿಯ ಮೇಲೆ ಹಳೆಯ ಬಿರುಕಿನ ಹೊಣೆಯನ್ನು ಹೊರಿಸಲಾಗದು.

ಇಷ್ಟೆಲ್ಲವನ್ನೂ ಮುದ್ರಿಸಿಕೊಂಡು, ಓದುವ ಪರೀಕ್ಷೆಯೊಂದನ್ನು ಬೇರೆಯಾಗಿ ನಡೆಸಿ ಕೆಟ್ಟ ಸೆಕ್ಟರುಗಳ ಸಂಖ್ಯೆಗಳ ಪಟ್ಟಿಯನ್ನೂ ಜೊತೆಗಿಟ್ಟುಕೊಂಡು, ಲ್ಯಾಪ್‌ಟಾಪನ್ನು ಸರ್ವಿಸ್ ಸೆಂಟರಿಗೆ ಒಪ್ಪಿಸಿದೆ. ಅಲ್ಲಿ ಲ್ಯಾಪ್‌ಟಾಪನ್ನು ತೆಗೆದುಕೊಂಡ ಸಿಬ್ಬಂದಿ ಸೌಜನ್ಯದಿಂದಲೇ ಮಾತನಾಡಿದರು, ಅವರ ಮೇಲೆ ನನಗೆ ಬೇಸರವಿಲ್ಲ. ಡಿಸ್ಕನ್ನು ಪರೀಕ್ಷಿಸಬೇಕು, ನನ್ನನ್ನು ಕೇಳದೆ ಏನನ್ನೂ ಅಳಿಸಬಾರದು ಎಂದು ಜಾಬ್‌ಶೀಟಿನಲ್ಲಿ ನನ್ನೆದುರೇ ಬರೆಸಿದೆ. ಆರು ದಿನಗಳ ನಂತರ ಯಂತ್ರ ಕೈಗೆ ಬಂದಾಗ ಅದು ಕೊಂಡ ಮೊದಲ ದಿನದಂತೆ ಖಾಲಿಯಾಗಿತ್ತು. ಜಾಬ್‌ಶೀಟಿನ ಕೆಳಗೆ, ಗ್ರಾಹಕರು ಬೇರೆ ಕಾರ್ಯಾಚರಣಾ ವ್ಯವಸ್ಥೆ ಅಳವಡಿಸಿದ್ದರಿಂದ ದೋಷ ಉಂಟಾಗಿದೆ, ಮೂಲ ತಂತ್ರಾಂಶವನ್ನು ಮರುಸ್ಥಾಪಿಸಲಾಗಿದೆ, ಯಂತ್ರ ಸುಸ್ಥಿತಿಯಲ್ಲಿದೆ ಎಂಬ ಷರಾ ಇತ್ತು. ಪರೀಕ್ಷೆಯ ಫಲಿತಾಂಶದ ಕಾಲಂ ಖಾಲಿಯಿತ್ತು. ನನ್ನ ಬ್ಯಾಕಪ್‌ನ ನಂತರ, ಯಂತ್ರವನ್ನು ಒಪ್ಪಿಸುವವರೆಗಿನ ದಿನಗಳಲ್ಲಿ ಬರೆದಿದ್ದ ಟಿಪ್ಪಣಿಗಳು ಹೋದವು. ಅವು ಸ್ವಲ್ಪವೇ ಇರಬಹುದು. ಆದರೆ ಅಳಿಸಬೇಡಿ ಎಂದು ಲಿಖಿತವಾಗಿ ಕೇಳಿಕೊಂಡ ಮೇಲೂ ಅಳಿಸಿದ್ದಾರೆ.

ಈಗ ಆ ಷರಾವನ್ನು ತಾಂತ್ರಿಕವಾಗಿಯೇ ನೋಡೋಣ. ಎರಡನೇ ವ್ಯವಸ್ಥೆಯನ್ನು ಅಳವಡಿಸುವಾಗ ಡಿಸ್ಕಿನಲ್ಲಿ ತೊಂದರೆಗಳು ಆಗಲಾರವೆಂದು ನಾನು ಹೇಳುತ್ತಿಲ್ಲ. ಪಾರ್ಟಿಷನ್ನಿನ ಗಾತ್ರ ಬದಲಿಸುತ್ತಿರುವಾಗ ವಿದ್ಯುತ್ ಹೋದರೆ ಕಡತ ವ್ಯವಸ್ಥೆ ಕೆಡುತ್ತದೆ. ಹೈಬರ್ನೇಷನ್ನಿನಲ್ಲಿರುವ ವಿಂಡೋಸ್ ಪಾರ್ಟಿಷನ್ನಿಗೆ ಲಿನಕ್ಸಿನಿಂದ ಒತ್ತಾಯವಾಗಿ ಬರೆದರೆ ಕಡತಗಳು ಹಾಳಾಗುತ್ತವೆ. ಡಿಸ್ಕಿನ ಯಾವ ಭಾಗ ಎಲ್ಲಿದೆ ಎಂದು ಹೇಳುವ ಪಾರ್ಟಿಷನ್ ಕೋಷ್ಟಕವೇ ಕೆಡುವ ಸಂದರ್ಭವೂ ಉಂಟು. ಆದರೆ ಇವೆಲ್ಲ ಬರವಣಿಗೆಯ ತಪ್ಪುಗಳು, ಕಾಗದದ ಹರಕಲ್ಲ. ಎನ್‌ಟಿಎಫ್‌ಎಸ್‌ಗೆ ಚೆಕ್‌ಡಿಸ್ಕ್ ಇದೆ, ಲಿನಕ್ಸಿನ ಕಡತ ವ್ಯವಸ್ಥೆಯಾದ ಇಎಕ್ಸ್‌ಟಿ4ಕ್ಕೆ ಅದರದೇ ತಪಾಸಣಾ ಉಪಕರಣವಿದೆ, ಜಿಪಿಟಿ ಮಾದರಿಯ ಪಾರ್ಟಿಷನ್ ಕೋಷ್ಟಕವಂತೂ ತನ್ನ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿ ಇಟ್ಟುಕೊಂಡಿರುವುದರಿಂದ ಒಂದು ಕೆಟ್ಟರೆ ಇನ್ನೊಂದರಿಂದ ಕಟ್ಟಿಕೊಳ್ಳಬಹುದು. ಇಂತಹ ತಪ್ಪುಗಳು ಸ್ಮಾರ್ಟ್ ದಾಖಲೆಯ 5ನೇ ಅಂಶವನ್ನಾಗಲಿ 197ನೇ ಅಂಶವನ್ನಾಗಲಿ ಹೆಚ್ಚಿಸುವುದಿಲ್ಲ. ಆ ಲೆಕ್ಕಗಳು ಏರುವುದು ಡಿಸ್ಕಿನ ಮೇಲ್ಮೈಯೇ ತಾನು ಹಿಡಿದಿಟ್ಟದ್ದನ್ನು ಮರಳಿ ಕೊಡದಾದಾಗ. ಈ ಎರಡರ ವ್ಯತ್ಯಾಸವನ್ನು ಗುರುತಿಸುವುದೇ ಡಿಸ್ಕ್ ದುರಸ್ತಿಯ ಮೊದಲ ಹೆಜ್ಜೆ, ತಮ್ಮ ಸೆಂಟರು ಬಿಟ್ಟುಬಿಟ್ಟಿದ್ದು ಅದೇ ಹೆಜ್ಜೆಯನ್ನು.

ಅಷ್ಟೇ ಅಲ್ಲ, ಮರುಸ್ಥಾಪನೆಯಿಂದ ಪರಿಸ್ಥಿತಿ ಇನ್ನೂ ಅಪಾಯಕಾರಿಯಾಗಿದೆ. ಚೆಕ್‌ಡಿಸ್ಕ್ ರಾತ್ರಿಯಿಡೀ ಹುಡುಕಿದ ಕೆಟ್ಟ ಜಾಗಗಳ ಪಟ್ಟಿ ಹಳೆಯ ಕಡತ ವ್ಯವಸ್ಥೆಯೊಳಗೇ ಇತ್ತು, ಅಲ್ಲಿ ಏನನ್ನೂ ಇಡಬಾರದೆಂದು ವಿಂಡೋಸಿಗೆ ಗೊತ್ತಿತ್ತು. ಹೊಸದಾಗಿ ಫಾರ್ಮ್ಯಾಟ್ ಮಾಡಿದಾಗ ಆ ಪಟ್ಟಿ ಅಳಿದುಹೋಯಿತು. ಮೇಲ್ಮೈಯನ್ನು ಓದಿ ನೋಡದ ಕ್ಷಿಪ್ರ ಫಾರ್ಮ್ಯಾಟಿನ ಮಟ್ಟಿಗೆ ಈಗ ಎಲ್ಲ ಜಾಗವೂ ಒಳ್ಳೆಯ ಜಾಗವೇ. ದೋಷ ಅಲ್ಲೇ ಇದೆ, ಅದನ್ನು ಗುರುತಿಸಿ ಹಾಕಿದ್ದ ಬೇಲಿ ಮಾತ್ರ ಇಲ್ಲ.

ಯಂತ್ರ ಮರಳಿದ ದಿನವೇ ಸ್ಮಾರ್ಟ್ ದಾಖಲೆಯನ್ನು ಮತ್ತೆ ತೆಗೆದೆ. ಕಾಯುತ್ತಿರುವ ಸೆಕ್ಟರುಗಳು 48ರಿಂದ 24ಕ್ಕೆ ಇಳಿದಿದ್ದವು, ವರ್ಗಾವಣೆಯಾದವು 16ರಿಂದ 32ಕ್ಕೆ ಏರಿದ್ದವು. ಮೊದಲ ಸಂಖ್ಯೆಯನ್ನು ಮಾತ್ರ ನೋಡಿದವರಿಗೆ ಡಿಸ್ಕು ಸುಧಾರಿಸಿದಂತೆ ಕಾಣಬಹುದು. ನಿಜವಾಗಿ ನಡೆದದ್ದು ಬೇರೆ. ಕಾಯುತ್ತಿರುವ ಸೆಕ್ಟರಿನ ಮೇಲೆ ಹೊಸದಾಗಿ ಬರೆದಾಗ, ಬರಹ ನಿಂತರೆ ಡಿಸ್ಕು ಅದನ್ನು ಮತ್ತೆ ಬಳಕೆಗೆ ತೆಗೆದುಕೊಳ್ಳುತ್ತದೆ, ನಿಲ್ಲದಿದ್ದರೆ ಬದಲಿ ಜಾಗಕ್ಕೆ ವರ್ಗಾಯಿಸುತ್ತದೆ. ಮೂಲ ತಂತ್ರಾಂಶವನ್ನು ಮೇಲೆ ಬರೆದ ಭಾಗದಲ್ಲಿದ್ದ 24 ಸೆಕ್ಟರುಗಳ ತೀರ್ಮಾನ ಹೀಗೆ ಆಯಿತು. ಅವುಗಳಲ್ಲಿ 16 ನಿಜಕ್ಕೂ ಕೆಟ್ಟಿದ್ದವು ಎಂಬುದನ್ನು ವರ್ಗಾವಣೆಯ ಲೆಕ್ಕವೇ ತೋರಿಸುತ್ತದೆ. ಬರವಣಿಗೆ ತಲುಪದ ಭಾಗದಲ್ಲಿ ಉಳಿದ 24 ಹಾಗೆಯೇ ಇವೆ. ವಿಸ್ತೃತ ಸ್ವಯಂಪರೀಕ್ಷೆ ಮತ್ತೆ ವಿಫಲವಾಯಿತು, ಮತ್ತು ಅದು ನಿಂತ ಸೆಕ್ಟರಿನ ಸಂಖ್ಯೆ ನಾನು ತಮ್ಮ ಸೆಂಟರಿಗೆ ಒಪ್ಪಿಸಿದ್ದ ಪಟ್ಟಿಯಲ್ಲೇ ಇದೆ. ಸುಸ್ಥಿತಿಯಲ್ಲಿದೆ ಎಂದು ತಾವು ಮರಳಿಸಿದ ಡಿಸ್ಕಿನ ಸ್ಥಿತಿ ಇದು.

ಆದ್ದರಿಂದ ನನ್ನ ಕೋರಿಕೆ ಹೀಗಿದೆ. ಈ ಹಾರ್ಡ್‌ಡಿಸ್ಕನ್ನು ವಾರಂಟಿಯಡಿ, ನನ್ನಿಂದ ಯಾವ ಶುಲ್ಕವನ್ನೂ ಪಡೆಯದೆ, ಹೊಸದರಿಂದ ಬದಲಿಸಬೇಕು. ಹಳೆಯ ಜಾಬ್‌ಶೀಟಿನಲ್ಲಿರುವ ಷರಾವನ್ನು ಲಿಖಿತವಾಗಿ ಹಿಂಪಡೆಯಬೇಕು. ಇದನ್ನು ನಾನು ಡಿಸ್ಕಿನಷ್ಟೇ ಮುಖ್ಯವೆಂದು ಭಾವಿಸುತ್ತೇನೆ, ಏಕೆಂದರೆ ಆ ಸಾಲು ದಾಖಲೆಯಲ್ಲಿ ಉಳಿದರೆ ನಾಳೆ ಈ ಯಂತ್ರದ ಯಾವ ಭಾಗ ಕೆಟ್ಟರೂ ಅದನ್ನೇ ತೋರಿಸಿ ವಾರಂಟಿಯನ್ನು ನಿರಾಕರಿಸಲು ದಾರಿಯಾಗುತ್ತದೆ. ನನ್ನ ಲಿಖಿತ ಸೂಚನೆಯನ್ನು ಮೀರಿ ಕಡತಗಳನ್ನು ಅಳಿಸಿದ್ದು ಯಾರ ತೀರ್ಮಾನ, ಅದಕ್ಕೂ ಮೊದಲು ಯಾವ ಪರೀಕ್ಷೆ ನಡೆದಿತ್ತು ಎಂಬುದಕ್ಕೆ ಉತ್ತರ ಬೇಕು. ಯಾವ ಪರೀಕ್ಷೆಯೂ ನಡೆದಿರಲಿಲ್ಲವಾದರೆ ಹಾಗೆಂದೇ ತಿಳಿಸಬೇಕು.

ನನ್ನೊಬ್ಬನ ಪ್ರಕರಣಕ್ಕೆ ಹೊರತಾದ ಒಂದು ಮಾತನ್ನೂ ಇಲ್ಲಿಯೇ ಸೇರಿಸುತ್ತೇನೆ. ಡಿಸ್ಕ್ ದೋಷದ ದೂರು ಬಂದ ಯಾವುದೇ ಯಂತ್ರದ ಮೇಲೆ ಏನನ್ನಾದರೂ ಬರೆಯುವ ಮುನ್ನ ಸ್ಮಾರ್ಟ್ ದಾಖಲೆಯನ್ನು ತೆಗೆದು ಜಾಬ್‌ಶೀಟಿಗೆ ಲಗತ್ತಿಸುವುದನ್ನು ತಮ್ಮ ಸೆಂಟರುಗಳಲ್ಲಿ ಕಡ್ಡಾಯ ಮಾಡಬೇಕು. ಇದಕ್ಕೆ ಕೆಲವೇ ನಿಮಿಷ ಸಾಕು. ಎರಡು ವ್ಯವಸ್ಥೆಗಳನ್ನು ಅಕ್ಕಪಕ್ಕದಲ್ಲಿಟ್ಟುಕೊಂಡು ಬಳಸುವವರು ವಿದ್ಯಾರ್ಥಿಗಳು, ಸಂಶೋಧಕರು, ತಂತ್ರಾಂಶ ಬರೆಯುವವರು. ಅವರು ತಮ್ಮದೇ ಯಂತ್ರದಲ್ಲಿ ಮಾಡುವ ನ್ಯಾಯಯುತವಾದ ಕೆಲಸವನ್ನು ಅಪರಾಧದಂತೆ ನೋಡುವುದನ್ನು ತಮ್ಮ ಸಿಬ್ಬಂದಿ ನಿಲ್ಲಿಸಬೇಕು.

ಎರಡೂ ಬಾರಿಯ ಸ್ಮಾರ್ಟ್ ದಾಖಲೆಗಳು, ಚೆಕ್‌ಡಿಸ್ಕ್ ವರದಿ, ಕೆಟ್ಟ ಸೆಕ್ಟರುಗಳ ಪಟ್ಟಿ, ಖರೀದಿಯ ರಸೀದಿ ಮತ್ತು ಜಾಬ್‌ಶೀಟಿನ ಪ್ರತಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ತಮ್ಮ ತಂತ್ರಜ್ಞರು ಬಯಸಿದರೆ ಅವರೆದುರೇ ವಿಸ್ತೃತ ಪರೀಕ್ಷೆಯನ್ನು ನಡೆಸಿ ತೋರಿಸಲು ಸಿದ್ಧನಿದ್ದೇನೆ. ಸುಮಾರು 3 ಗಂಟೆ ಹಿಡಿಯುತ್ತದೆ, ಕುಳಿತು ಕಾಯುತ್ತೇನೆ. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ ಇದೇ ದಾಖಲೆಗಳೊಂದಿಗೆ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದ ಮುಂದೆ ಹೋಗುತ್ತೇನೆ. ಅಲ್ಲಿಯವರೆಗೆ ಈ ಡಿಸ್ಕಿನಲ್ಲಿ ಏನನ್ನೂ ಬರೆಯದೆ, ಈಗಿರುವ ಸ್ಥಿತಿಯಲ್ಲೇ ಕಾಪಾಡಿಕೊಂಡಿರುತ್ತೇನೆ.

ಇಂತಿ ವಂದನೆಗಳೊಂದಿಗೆ,
ತಮ್ಮ ಗ್ರಾಹಕ