ಹೊಸದಾಗಿ ಕಲಿಯುವವರಿಗೂ ವಾದ್ಯವೃಂದದಲ್ಲಿ ಜಾಗವಿರಲಿ

ಮಾನ್ಯರೇ,

ಹಾಸನದಲ್ಲಿ ನನ್ನ ಮಗಳು ಓದುತ್ತಿರುವ ಶಾಲೆಯಲ್ಲಿ ಈ ವರ್ಷ ಪಿಟೀಲು ನುಡಿಸುವ ಮಕ್ಕಳ ವಾದ್ಯವೃಂದವೊಂದು ಆರಂಭವಾಗಿದ್ದು, ಪ್ರತಿ ಶನಿವಾರ ತರಗತಿ ಮುಗಿದ ಮೇಲೆ ಅಭ್ಯಾಸ ನಡೆಯುತ್ತಿದೆ. ಇದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಆರನೇ ತರಗತಿಯ ನನ್ನ ಮಗಳು ಸೇರಲು ಹೋದಾಗ, ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿಕೊಂಡು ಬಾ ಎಂದು ಹೇಳಿ ಕಳುಹಿಸಿದರು. ಸರಿಗಮದ ಮೊದಲ ಪಾಠವಾದ ಸರಳೆ ವರಸೆಯಲ್ಲಿರುವ ಮಗುವಿಗೆ ಆ ಪರೀಕ್ಷೆ ಇನ್ನೂ ದೂರದ ಮಾತು. ಅದು ಮುಗಿಯುವ ಹೊತ್ತಿಗೆ ಎಸ್ಸೆಸ್ಸೆಲ್ಸಿಯ ಓದು ಎದುರಿಗೆ ನಿಂತಿರುತ್ತದೆ, ಪಿಟೀಲು ಅಟ್ಟ ಸೇರಿರುತ್ತದೆ.

ಒಂಟಿಯಾಗಿ ಕಲಿಯುವ ಮಗುವಿನ ಕಷ್ಟವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ವಾದ್ಯ ಮನೆಗೆ ಬಂದ ಮೊದಲ ಸಂಜೆ ಅವಳು ಎಷ್ಟು ಎಳೆದರೂ ಕಮಾನು ತಂತಿಯ ಮೇಲೆ ಸುಮ್ಮನೆ ಜಾರುತ್ತಿತ್ತೇ ಹೊರತು ನಾದ ಹೊರಡಲಿಲ್ಲ. ತನಗೇ ಏನೋ ಬಾರದೆಂದು ತಿಳಿದು ಅತ್ತಳು. ಹೊಸ ಕಮಾನಿನ ಕುದುರೆಕೂದಲಿಗೆ ರೋಸಿನ್ (ತಂತಿಯ ಮೇಲೆ ಹಿಡಿತ ಕೊಡುವ ರಾಳ) ಚೆನ್ನಾಗಿ ಹಿಡಿಯಬೇಕು, ಹೊಸ ರೋಸಿನ್ ಬಿಲ್ಲೆಯ ಹೊಳಪಿನ ಮೈಯನ್ನು ಮೊದಲು ಸ್ಯಾಂಡ್‌ಪೇಪರಿನಿಂದ ಸ್ವಲ್ಪ ಉಜ್ಜಿಕೊಳ್ಳಬೇಕು ಎಂಬುದು ನಮಗೆ ತಿಳಿದದ್ದು ಐದು ದಿನಗಳ ನಂತರ, ಗುರುಗಳ ಮುಂದಿನ ಪಾಠದಂದು. ಮಳೆಗಾಲದ ತೇವಕ್ಕೆ ತಂತಿಯನ್ನು ಬಿಗಿಮಾಡುವ ಬಿರಡೆಗಳು ಉಬ್ಬಿ ಬಿಗಿದುಕೊಂಡಾಗಲೂ ಇದೇ ಪಾಡಾಯಿತು. ಪಕ್ಕದಲ್ಲಿ ಎಂಟನೇ ತರಗತಿಯ ಅಕ್ಕನೋ ಅಣ್ಣನೋ ಕುಳಿತಿದ್ದರೆ ಎರಡು ನಿಮಿಷದ ಕೆಲಸ.

ಅದಕ್ಕಿಂತ ಮುಖ್ಯವಾದದ್ದು ಕಿವಿ. ವೀಣೆಗೆ ಸ್ವರದ ಜಾಗ ತೋರಿಸುವ 24 ಮೆಟ್ಟಿಲುಗಳಿವೆ, ಪಿಟೀಲಿಗೆ ಒಂದೂ ಇಲ್ಲ. ಬೆರಳು ಕೂದಲೆಳೆಯಷ್ಟು ಸರಿದರೂ ಸ್ವರ ತಪ್ಪುತ್ತದೆ, ಮತ್ತು ತಪ್ಪಿದೆಯೆಂದು ಹೇಳಬೇಕಾದದ್ದು ಕಿವಿಯೊಂದೇ. ದಿನವೂ ತನ್ನದೇ ಕರ್ಕಶ ಸದ್ದನ್ನು ಕೇಳಿಕೊಂಡು ಕೂರುವ ಮಗುವಿಗೆ ಶುದ್ಧ ಸ್ವರ ಯಾವುದೆಂದು ಎಲ್ಲಿಂದ ಗೊತ್ತಾಗಬೇಕು? ಶ್ರುತಿ ಸೇರಿದ ಹತ್ತು ಪಿಟೀಲುಗಳ ನಡುವೆ ಅರ್ಧ ಗಂಟೆ ಕುಳಿತರೆ ಅದು ತಾನಾಗಿಯೇ ಕಿವಿಗಿಳಿಯುತ್ತದೆ.

ಹೊಸಬರು ಸೇರಿದರೆ ಒಟ್ಟು ನಾದ ಕೆಡುತ್ತದೆ ಎಂಬ ಶಿಕ್ಷಕರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಎಲ್ಲರೂ ಒಂದೇ ಪಾಠ ನುಡಿಸಬೇಕೆಂದಿಲ್ಲ. ಕರ್ನಾಟಕ ಪದ್ಧತಿಯಲ್ಲಿ ನಾಲ್ಕು ತಂತಿಗಳನ್ನೂ ಷಡ್ಜ (ಸ), ಪಂಚಮ (ಪ) ಸ್ವರಗಳಿಗೇ ಕೂಡಿಸುವುದರಿಂದ, ಬೆರಳನ್ನೇ ಇಡದೆ ಬಿಡಿ ತಂತಿಗಳ ಮೇಲೆ ಉದ್ದವಾಗಿ, ನಿಧಾನವಾಗಿ ಕಮಾನು ಎಳೆಯುವ ಮಗು ಕೂಡ ಹಿರಿಯ ಮಕ್ಕಳು ನುಡಿಸುವ ಗೀತೆಗೆ ತಂಬೂರಿಯಂತೆ ಆಧಾರವಾಗಬಲ್ಲದು. ಪಾಶ್ಚಾತ್ಯ ಪದ್ಧತಿಯ ಶಾಲಾ ತಂಡಗಳಲ್ಲೂ ಹೊಸಬರಿಗೆ ಬಿಡಿ ತಂತಿಯ ಪಾಠವನ್ನೇ ಮೊದಲು ಕೊಡುತ್ತಾರೆ. ಎರಡು ಪದ್ಧತಿಗಳಲ್ಲಿ ಶ್ರುತಿ ಮಾಡುವ ಕ್ರಮವೂ ವಾದ್ಯ ಹಿಡಿಯುವ ಭಂಗಿಯೂ ಬೇರೆಬೇರೆಯಾದ್ದರಿಂದ, ತಂಡ ಯಾವುದನ್ನು ಅನುಸರಿಸುತ್ತದೆ ಎಂಬುದನ್ನು ಮಾತ್ರ ಶಾಲೆ ಮೊದಲೇ ಪೋಷಕರಿಗೆ ತಿಳಿಸಬೇಕು.

ಖರ್ಚಿನ ಮಾತೂ ಇದೆ. ಮಕ್ಕಳ ಕೈ ಬೆಳೆದಂತೆ ಅರ್ಧ, ಮುಕ್ಕಾಲು, ಪೂರ್ಣ ಅಳತೆಯ ವಾದ್ಯಗಳನ್ನು ಬದಲಿಸಬೇಕಾಗುತ್ತದೆ. ಚಿಕ್ಕದಾದ ವಾದ್ಯಗಳನ್ನು ಶಾಲೆಯೇ ಪಡೆದು ಮುಂದಿನ ಮಕ್ಕಳಿಗೆ ಎರವಲು ಕೊಟ್ಟರೆ ಎಷ್ಟೋ ಮನೆಗಳಿಗೆ ಉಪಕಾರವಾಗುತ್ತದೆ.

ನಮ್ಮದೇ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ, ಸಂಗೀತಗಾರರ ಊರೆಂದು ನಾಡಿಗೆಲ್ಲ ಹೆಸರಾದದ್ದು. 1920ರಲ್ಲಿ ಅಲ್ಲಿ ಹುಟ್ಟಿದ ಹೆಸರಾಂತ ಗಾಯಕ ಆರ್.ಕೆ. ಶ್ರೀಕಂಠನ್ ಅವರಿಗೆ ಪಾಠ ಹೇಳಿದವರು ಸ್ವಂತ ಅಣ್ಣ, ಪಿಟೀಲು ವಿದ್ವಾಂಸರಾದ ಆರ್.ಕೆ. ವೆಂಕಟರಾಮ ಶಾಸ್ತ್ರಿಗಳು. ಮನೆಯಲ್ಲಿ ಅಂಥ ಹಿರಿಯರಿಲ್ಲದ ನಮ್ಮ ಮಕ್ಕಳಿಗೆ ಆ ಆಸರೆ ಸಿಗಬಹುದಾದ ಜಾಗ ಶಾಲೆಯ ವಾದ್ಯವೃಂದವೇ.

ಆದ್ದರಿಂದ ಇಂಥ ತಂಡಗಳನ್ನು ನಡೆಸುತ್ತಿರುವ ಶಾಲೆಗಳು ಪರೀಕ್ಷೆಯ ಷರತ್ತನ್ನು ಕೈಬಿಟ್ಟು, ಪ್ರತಿ ವರ್ಷ ಜೂನ್‌ನಲ್ಲಿ ನಾಲ್ಕೈದು ಹೊಸ ಮಕ್ಕಳನ್ನಾದರೂ ಸೇರಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ. ಸ್ವಾತಂತ್ರ್ಯ ದಿನದ ಕಾರ್ಯಕ್ರಮದಲ್ಲಿ ಆ ಮಕ್ಕಳು ಹಿಂದಿನ ಸಾಲಿನಲ್ಲಿ ಕುಳಿತು ಷಡ್ಜ, ಪಂಚಮಗಳನ್ನಷ್ಟೇ ನುಡಿಸಿದರೂ ಸಾಕು.

– ಒಬ್ಬ ತಾಯಿ, ಹಾಸನ