ಜಪಾನಿಗೆ ಹೊರಟ ಗೆಳೆಯನಿಗೆ, ತೀರ್ಥಹಳ್ಳಿ ಕಡೆಯಿಂದ

ಪ್ರೀತಿಯ ಗೆಳೆಯಾ,

ಏಪ್ರಿಲ್‌ನಲ್ಲಿ ಅಮ್ಮನನ್ನೂ ಕರ್ಕೊಂಡು ಜಪಾನಿಗೆ ಹೊರಟಿದೀಯ ಅಂತ ಓದಿ ಖುಷಿಯಾಯ್ತು. ಪುಸ್ತಕ ಹಿಡಿಯೋ ತಾಳ್ಮೆ ಇಲ್ಲ, ನಾಲ್ಕು ಜಪಾನಿ ಮಾತಾದ್ರೂ ಬಾಯಿಗೆ ಬರಬೇಕು, ನೀನು ಅಲ್ಲಿಗೆ ಹೋಗೋ ಮುಂಚೆ ಏನು ಮಾಡಿದೆ ಅಂತ ನನ್ನ ಕೇಳಿದ್ದೆ. ಫೋನಲ್ಲಿ ಹೇಳೋಣ ಅಂದ್ರೆ ನಮ್ಮೂರ ಸಿಗ್ನಲ್ ಕಥೆ ನಿನಗೆ ಗೊತ್ತೇ ಇದೆ. ಬರೆದೇ ಬಿಡ್ತೀನಿ.

ನಾನು ಕಲಿತಿದ್ದು ಪೂರ್ತಿ ಕೇಳಿಕೊಂಡೇ. ಆಗ ಅಡಿಕೆ ಸುಲಿತದ ಕಾಲ. ಮೆಟ್ಟುಗತ್ತಿ ಮುಂದೆ ಕೂತ್ರೆ ಕೈಗೆ ಪುರುಸೊತ್ತಿಲ್ಲ, ಕಿವಿ ಮಾತ್ರ ಖಾಲಿ. ಪೇಟೆಗೆ ಹೋದಾಗ ಪಾಠ ಡೌನ್‌ಲೋಡ್ ಮಾಡ್ಕೊಂಡು ಬರೋದು, ರಾತ್ರಿ ಸುಲೀತಾ ಕೇಳೋದು. ಪಾಠದಲ್ಲಿ ಒಂದು ಪ್ರಶ್ನೆ ಕೇಳಿ, ನೀನು ಉತ್ತರ ಹೇಳಲಿ ಅಂತ ಸ್ವಲ್ಪ ಹೊತ್ತು ಸುಮ್ಮನಿರ್ತಾರೆ. ಅಲ್ಲಿ ಬಾಯಿಬಿಟ್ಟು ಗಟ್ಟಿಯಾಗೇ ಹೇಳಬೇಕು ಮಾರಾಯ, ಮನಸ್ಸಲ್ಲೇ ಹೇಳ್ಕೊಂಡ್ರೆ ಏನೂ ಉಳಿಯಲ್ಲ. ಸುಲಿಯೋಕೆ ಬಂದ ಹೆಂಗಸರು ಮೊದಮೊದಲು ಮುಸಿಮುಸಿ ನಕ್ಕರು. ಆಮೇಲೆ ಒಬ್ಬರು ಅಕ್ಕ "ನಮಗೂ ಕೇಳೋ ಹಂಗೆ ಹಾಕಿ" ಅಂದ್ರು. ಸುಲಿತ ಮುಗಿಯೋ ಹೊತ್ತಿಗೆ "ಇಕುರ ದೆಸ್ ಕ" ಅಂತ ನನಗಿಂತ ಮುಂಚೆ ಅವರೇ ಹೇಳ್ತಿದ್ರು. ಎಷ್ಟಾಗುತ್ತೆ ಅಂತ ಕೇಳೋ ಮಾತು ಅದು. ದಿನಕ್ಕೆ ಎಷ್ಟು ಸಲ ಬೇಕಾಗುತ್ತೋ ಲೆಕ್ಕವಿಲ್ಲ.

ಯಾವ ಪಾಠ ಅಂತೀಯಾ? ದುಡ್ಡು ಕೊಟ್ಟು ತಗೊಳ್ಳೋದಾದ್ರೆ ಪಿಮ್ಸ್‌ಲರ್ ಇದೆ, ಒಂದೊಂದು ಪಾಠ ಅರ್ಧ ಗಂಟೆ. ಪಾಲ್ ಪಿಮ್ಸ್‌ಲರ್ ಅನ್ನೋರು 1967ರಲ್ಲಿ ಒಂದು ಲೇಖನ ಬರೆದು, ಕಲಿತ ಪದವನ್ನ 5 ಸೆಕೆಂಡಾದ ಮೇಲೆ ಒಮ್ಮೆ, ಆಮೇಲೆ 25 ಸೆಕೆಂಡಿಗೆ, 2 ನಿಮಿಷಕ್ಕೆ, 10 ನಿಮಿಷಕ್ಕೆ, ಹೀಗೆ ಅಂತರ ಹೆಚ್ಚಿಸ್ತಾ ಮತ್ತೆ ಮತ್ತೆ ಕೇಳಬೇಕು ಅಂತ ಲೆಕ್ಕ ಕೊಟ್ಟಿದ್ರು. ಇನ್ನೇನು ಮರೀಬೇಕು ಅನ್ನೋವಾಗ ಸರಿಯಾಗಿ ಬಂದು ಕೇಳ್ತಾರೆ. ಪುಕ್ಕಟೆ ಬೇಕಂದ್ರೆ ಜಪಾನಿನ ರೇಡಿಯೊ-ಟೀವಿ ಸಂಸ್ಥೆ ಎನ್‌ಎಚ್‌ಕೆ ವರ್ಲ್ಡ್‌ನ ಪಾಠಗಳಿವೆ, ಹಿಂದಿಯಲ್ಲೂ ಸಿಗುತ್ತೆ. ನನ್ನ ಕೇಳಿದ್ರೆ ಹಿಂದಿಯದ್ದೇ ಹಿಡಿ. ಜಪಾನಿಯಲ್ಲಿ ಕ್ರಿಯಾಪದ ಬರೋದು ನಮ್ಮ ಹಾಗೆ ಕೊನೆಗೆ, ವಿಭಕ್ತಿ ಹತ್ತೋದೂ ಪದದ ಹಿಂದೆ. ಇಂಗ್ಲಿಷಿನವರಿಗೆ ಇದು ತಲೆಕೆಳಗು, ಅದನ್ನ ವಿವರಿಸೋದ್ರಲ್ಲೇ ಅವರ ಪಾಠ ಅರ್ಧ ಹೋಗುತ್ತೆ. ನಮಗೆ ಆ ಕಷ್ಟವೇ ಇಲ್ಲ. "ಎಕಿ ವ ದೊಕೊ ದೆಸ್ ಕ" ಅಂದ್ರೆ ಸ್ಟೇಷನ್ ಎಲ್ಲಿ ಅಂತ, ಅದೇ ಸಾಲಲ್ಲಿ. "ತಬೆತೆ ಮಿಮಸ್" ಅಂದ್ರೆ ತಿಂದು ನೋಡ್ತೀನಿ. ಮನೆಯಿಂದ ಹೊರಡೋವಾಗ ಹೇಳೋ "ಇತ್ತೆಕಿಮಸ್" ನಮ್ಮ ಹೋಗ್ಬರ್ತೀನಿ ಅನ್ನೋದೇ. (ಇದನ್ನೆಲ್ಲ ನೋಡಿ ಸುಸುಮು ಓನೊ ಅನ್ನೋ ವಿದ್ವಾಂಸರು ತಮಿಳಿಗೂ ಜಪಾನಿಗೂ ಹಳೇ ನಂಟಿದೆ ಅಂತ ವಾದ ಹೂಡಿದ್ರು. ಭಾಷಾವಿಜ್ಞಾನಿಗಳು ಹೆಚ್ಚಿನವರು ಒಪ್ಪಲಿಲ್ಲ. ನನಗೂ ಅದು ಅತಿಯಾಯ್ತು ಅನ್ಸುತ್ತೆ.)

ಕೇಳಿದ್ದನ್ನ ಬರ್ಕೊಳ್ಳೋದಾದ್ರೆ ಕನ್ನಡ ಅಕ್ಷರದಲ್ಲೇ ಬರ್ಕೋ. ಅವರಿಗೆ ಹ್ರಸ್ವ-ದೀರ್ಘ, ಒತ್ತು ತಪ್ಪಿದ್ರೆ ಅರ್ಥವೇ ಬೇರೆ. "ಕಿತೆ" ಅಂದ್ರೆ ಬಾ, "ಕಿತ್ತೆ" ಅಂದ್ರೆ ಅಂಚೆಚೀಟಿ. "ಒಬಸನ್" ಅತ್ತೆ-ಚಿಕ್ಕಮ್ಮನ ವಯಸ್ಸಿನವರು, "ಒಬಾಸನ್" ಅಜ್ಜಿ. ನಲವತ್ತರ ಹೆಂಗಸನ್ನ ಅಜ್ಜಿ ಮಾಡಿ ಬರಬೇಡ.

ಇನ್ನು ಮುಖ್ಯವಾದ ಮಾತು. ಈ ಪಾಠಗಳು ನಿನಗೆ ಪ್ರಶ್ನೆ ಕೇಳೋದನ್ನ ಚೆನ್ನಾಗಿ ಕಲಿಸ್ತವೆ. ಎದುರಿಗಿದ್ದವರು ಕೊಡೋ ಉತ್ತರಕ್ಕೆ ನಿನ್ನ ತಯಾರು ಮಾಡೋದು ಕಮ್ಮಿ. ನೀನು ಚೆಂದಾಗಿ ಕೇಳಿದಷ್ಟೂ ಇವನಿಗೆ ಭಾಷೆ ಬರುತ್ತೆ ಅಂತ ಅವರು ಇನ್ನೂ ಜೋರಾಗಿ ಓಡಿಸ್ತಾರೆ. ಚಿಲ್ಲರೆ ಅಂಗಡಿಯಲ್ಲಿ ಊಟದ ಡಬ್ಬಿ ತಗೊಂಡು ಕೌಂಟರಿನಲ್ಲಿಟ್ಟೆ ಅನ್ಕೋ. ಅಲ್ಲಿರೋ ಹುಡುಗಿ ತಲೆ ಎತ್ತದೆ "ಅತತಮೆಮಸ್ ಕ" ಅಂತಾಳೆ, ಬಿಸಿ ಮಾಡ್ಲಾ ಅಂತ. ಅದರ ಬೆನ್ನಿಗೇ "ಫುಕುರೊ" ಅಂತ ಏನೋ ಬರುತ್ತೆ, ಅದು ಚೀಲ ಬೇಕಾ ಅಂತ. 2020ರ ಜುಲೈಯಿಂದ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು, ಹಾಗಾಗಿ ಕೇಳೇ ಕೇಳ್ತಾರೆ. ಬೇಕಂದ್ರೆ "ಒನೆಗೈಶಿಮಸ್", ಬೇಡಾಂದ್ರೆ "ದೈಜೋಬು ದೆಸ್". ಮೊದಲಿನ ಎರಡು ಮಾತು ಕಿವಿಗೆ ಬಿದ್ದ ತಕ್ಷಣ ಗೊತ್ತಾಗಬೇಕು, ಕೊನೆಯ ಎರಡು ತಕ್ಷಣ ಬಾಯಿಗೆ ಬರಬೇಕು.

ಇದಕ್ಕೆ ಒಂದು ಉಪಾಯ ಇದೆ. ಹೌದು-ಅಲ್ಲ ಅಂತ ಉತ್ತರ ಬರೋ ಹಾಗೆ ಕೇಳು. ಕ್ಯೋತೊಗೆ ಯಾವ ರೈಲು ಅಂತ ಕೇಳಿದ್ರೆ ಪುರಾಣವೇ ಬರುತ್ತೆ. ರೈಲಿನ ಮುಂದೆ ನಿಂತು "ಕೊನೊ ದೆನ್ಶ ವ ಕ್ಯೋತೊ ನಿ ಇಕಿಮಸ್ ಕ", ಈ ರೈಲು ಕ್ಯೋತೊಗೆ ಹೋಗುತ್ತಾ, ಅಂತ ಕೇಳಿದ್ರೆ "ಹೈ" ಅಂತಲೋ "ಚಿಗೈಮಸ್" ಅಂತಲೋ ಬರುತ್ತೆ. ಎರಡನೇದು ಬಂದ್ರೆ ಹತ್ತಬೇಡ. ದಾರಿಗೆ ಬಲ "ಮಿಗಿ", ಎಡ "ಹಿದರಿ", ನೇರ "ಮಸ್ಸುಗು". ಟೋಕಿಯೊದ ಶಿಂಜುಕು ಸ್ಟೇಷನ್ನಿಗೆ 200ರಷ್ಟು ಬಾಗಿಲು, ಅಲ್ಲಿ ಪಶ್ಚಿಮದ ಬಾಗಿಲಿಗೆ "ನಿಶಿಗುಚಿ", ಪೂರ್ವದ್ದಕ್ಕೆ "ಹಿಗಶಿಗುಚಿ" ಅಂತಾರೆ. ಓದೋಕೆ ಬರಲ್ಲ ಅನ್ನೋ ಚಿಂತೆ ಬೇಡ, ಸ್ಟೇಷನ್ ಹೆಸರು ಇಂಗ್ಲಿಷ್ ಅಕ್ಷರದಲ್ಲೂ ಇರುತ್ತೆ.

ಅಮ್ಮನ ಊಟದ ವಿಷಯ ಮಾತ್ರ ಸ್ವಲ್ಪ ತಲೆಕೆಡಿಸ್ಕೊಂಡೇ ಹೋಗು. "ನಿಕು" ಅಂದ್ರೆ ಮಾಂಸ, "ಸಕನ" ಮೀನು. ಎರಡೂ ಬೇಡ ಅಂದ್ರೂ ಮುಗೀಲಿಲ್ಲ. ಅವರ ಸಾರಿಗೆಲ್ಲ ಬುನಾದಿ "ದಶಿ" ಅನ್ನೋ ರಸ, ಸಾಮಾನ್ಯವಾಗಿ ಒಣಗಿಸಿದ ಮೀನು ಹೆರೆದು ಕುದಿಸಿದ್ದು. ನೋಡೋಕೆ ತಿಳಿಸಾರು, ಮೀನಿನ ಸುಳಿವೇ ಕಾಣಲ್ಲ. ಮಿಸೊ ಸೂಪಲ್ಲೂ ಅದೇ, ನೂಡಲ್ಸಿನ ರಸದಲ್ಲೂ ಅದೇ. "ದಶಿ ನಿ ಸಕನ ಗ ಹೈತ್ತೆ ಇಮಸ್ ಕ", ದಶಿಯಲ್ಲಿ ಮೀನಿದೆಯಾ, ಇದನ್ನ ನಿದ್ದೆಯಲ್ಲೂ ಹೇಳೋ ಹಾಗೆ ಬಾಯಿಪಾಠ ಮಾಡು. ಕ್ಯೋತೊದಲ್ಲಿ ಒಂದು ದಿನ "ಶೋಜಿನ್ ರ್ಯೋರಿ" ಅನ್ನೋ ಬೌದ್ಧ ಮಠದ ಊಟ ಹುಡುಕು. ಸಂಪ್ರದಾಯದ ಪ್ರಕಾರ ಅದರಲ್ಲಿ ಮಾಂಸ-ಮೀನು ಇಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ಅಮ್ಮ ನೆಮ್ಮದಿಯಾಗಿ ಉಣ್ಣಬಹುದು.

ಕೊನೇದಾಗಿ ಸಂಖ್ಯೆ. ಒಂದರಿಂದ ಹತ್ತು ಸುಲಭ. ನೂರಕ್ಕೆ "ಹ್ಯಕು" ಅಂತ ಕಲಿತು ಕೂತ್ರೆ 300 "ಸಂಬ್ಯಕು" ಆಗುತ್ತೆ, 600 "ರೊಪ್ಪ್ಯಕು", 800 "ಹಪ್ಪ್ಯಕು". ಮೇಲೆ ಹೋದ್ರೆ ಲೆಕ್ಕ ಹತ್ತು ಸಾವಿರದ "ಮನ್" ಮೇಲೆ ನಿಲ್ಲುತ್ತೆ. ಹದಿನೈದು ಸಾವಿರಕ್ಕೆ "ಇಚಿಮನ್ ಗೊಸೆನ್", ನಮ್ಮ ಲಕ್ಷ ಅವರಿಗೆ ಹತ್ತು ಮನ್. ಇದು ಪಾಠ ಕೇಳಿ ಬರಲ್ಲ, ಇನ್ನೊಬ್ಬರು ಅಡ್ಡಾದಿಡ್ಡಿ ಹೇಳ್ತಾ ಹೋಗಬೇಕು. ಭಾನುವಾರ ಸಂಜೆ ಐದಕ್ಕೆ ಫೋನ್ ಮಾಡು, ಸಿಗ್ನಲ್ ಸಿಗೋ ಗುಡ್ಡದ ಮೇಲೆ ಬಂದು ಕೂತಿರ್ತೀನಿ. ನಾನು ಜಪಾನಿಯಲ್ಲಿ ರೇಟು ಹೇಳ್ತೀನಿ, ನೀನು ಕನ್ನಡದಲ್ಲಿ ತಡವರಿಸದೆ ಹೇಳಬೇಕು.

ಅಮ್ಮನಿಗೆ ನಮಸ್ಕಾರ ಹೇಳು.

ಇಂತಿ ನಿನ್ನ ಗೆಳೆಯ